ಅಮ್ಮನ ನೆನಪು, ಅಮ್ಮ ಓದಿದ ಕ್ಲಾಸು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮುಂಬಯಿಯ ಗೋವಂಡಿ ಸ್ಟೇಷನ್ನಿನಲ್ಲಿ ಇಳಿದು ದೇವನಾರ್ ಕಡೆ ಹೋದರೆ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸಿಗುತ್ತದೆ. ದೇಶದ ಹಿರಿಯರು ಹೇಗಿದ್ದಾರೆ ಎಂದು ತಿಳಿಯುವ ‘ಲಾಸಿ’ ಎಂಬ ದೊಡ್ಡ ಸಮೀಕ್ಷೆ ನಡೆಸುವುದು ಇವರೇ. ಅದರ ಮೊದಲ ಸುತ್ತು 2017–18ರಲ್ಲಿ ನಡೆಯಿತು. 45 ದಾಟಿದವರು, ಅವರ ಗಂಡ ಅಥವಾ ಹೆಂಡತಿ, ಎಲ್ಲ ಸೇರಿ 72,000ಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು. ಬಿಪಿ ನೋಡಿದರು, ತೂಕ ನೋಡಿದರು. ನೆನಪನ್ನೂ ನೋಡಿದರು.

ನೆನಪನ್ನು ನೋಡುವುದು ಹೇಗೆ? ಹತ್ತು ಪದ ಓದಿ ಹೇಳುತ್ತಾರೆ. ನೆನಪಿದ್ದಷ್ಟನ್ನು ನೀವು ತಿರುಗಿ ಹೇಳಬೇಕು. ಆಮೇಲೆ ಬೇರೆ ಏನೇನೋ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, ಮೊದಲಿನ ಪದಗಳನ್ನೇ ಮತ್ತೆ ಕೇಳುತ್ತಾರೆ. ಅಷ್ಟೇ.

ಇಂಥ ಪರೀಕ್ಷೆಗಳಲ್ಲಿ ಯಾರು ಮುಂದೆ, ಹೆಂಗಸರೋ ಗಂಡಸರೋ? 600ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಸ್ವೀಡನ್ನಿನ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದರು. ಅದರಲ್ಲಿದ್ದವರು 12 ಲಕ್ಷಕ್ಕೂ ಹೆಚ್ಚು ಜನ. ಪದ, ಮುಖ, ವಾಸನೆ ನೆನಪಿಟ್ಟುಕೊಳ್ಳುವುದರಲ್ಲಿ ಹೆಂಗಸರು ಸ್ವಲ್ಪ ಮುಂದೆ. ದಾರಿ ನೆನಪಿಡುವುದರಲ್ಲಿ ಗಂಡಸರು ಸ್ವಲ್ಪ ಮುಂದೆ. ಈ ‘ಸ್ವಲ್ಪ’ ಅನ್ನುವುದನ್ನು ಮರೆಯಬೇಡಿ. ನಿಮ್ಮ ಮನೆಯಲ್ಲಿ ಇದು ಪೂರ್ತಿ ಉಲ್ಟಾ ಇದ್ದರೂ ಆಶ್ಚರ್ಯವಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಧ್ಯಯನ. 2014ರಲ್ಲಿ ಬಂದದ್ದು. ಯುರೋಪಿನ 13 ದೇಶಗಳು, 50 ದಾಟಿದ 30,000ಕ್ಕೂ ಹೆಚ್ಚು ಜನ. ಅವರು ಬೆಳೆದ ಕಾಲದಲ್ಲಿ ಊರಿನ ಸ್ಥಿತಿ ಹೇಗಿತ್ತು, ಓದು ಎಷ್ಟು ಸಿಕ್ಕಿತ್ತು, ಹುಟ್ಟಿದ ಮಕ್ಕಳು ಉಳಿಯುತ್ತಿದ್ದವೇ, ಇದನ್ನೆಲ್ಲ ಜೊತೆಗಿಟ್ಟು ನೋಡಿದರು. ಬದುಕು ಸುಧಾರಿಸಿದ ಹಾಗೆ ಗಂಡಸರಿಗೂ ಲಾಭವಾಗಿದೆ, ಆದರೆ ಹೆಂಗಸರಿಗೆ ಜಾಸ್ತಿ ಆಗಿದೆ. ಪದಗಳ ನೆನಪಿನಲ್ಲಿ ಅವರು ಗಂಡಸರಿಗಿಂತ ಇನ್ನೂ ಮುಂದೆ ಹೋದರು. ಲೆಕ್ಕ ಮಾಡುವುದರಲ್ಲಿ ಗಂಡಸರು ಮುಂದಿದ್ದ ಅಂತರ ಕಮ್ಮಿಯಾಯಿತು. ಎಲ್ಲ ಹುಟ್ಟಿನಿಂದಲೇ ಬಂದದ್ದಾದರೆ ಅಂತರ ಹೀಗೆ ಬದಲಾಗುತ್ತಿತ್ತೇ?

ನಮ್ಮ ದೇಶದಲ್ಲಿ ಚಿತ್ರ ಬೇರೆ. ಲಾಸಿ ಶುರುವಾಗುವ ಮೊದಲು, 2010ರಲ್ಲಿ, ಕರ್ನಾಟಕ, ಕೇರಳ, ಪಂಜಾಬ್, ರಾಜಸ್ಥಾನಗಳಲ್ಲಿ ಒಂದು ಸಣ್ಣ ಪ್ರಾಯೋಗಿಕ ಸಮೀಕ್ಷೆ ಆಗಿತ್ತು. ಅದರ ಇಂಥ ಪರೀಕ್ಷೆಗಳಲ್ಲಿ ವಯಸ್ಸಾದ ಹೆಂಗಸರು ಗಂಡಸರಿಗಿಂತ ಹಿಂದೆ ಇದ್ದರು. ಉತ್ತರದ ರಾಜ್ಯಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಯಾಕೆ ಎಂದು ತುಂಬಾ ದೂರ ಹುಡುಕಬೇಕಾಗಿಲ್ಲ. 1951ರ ಜನಗಣತಿಯಲ್ಲಿ ಓದುಬರಹ ಬಲ್ಲ ಗಂಡಸರು ನೂರಕ್ಕೆ 27, ಹೆಂಗಸರು ನೂರಕ್ಕೆ 9 ಕೂಡ ಇಲ್ಲ. ಇವತ್ತು ಎಂಬತ್ತರ ಆಸುಪಾಸಿನಲ್ಲಿರುವ ನಮ್ಮ ಅಜ್ಜಿಯರು ಆಗ ಮಕ್ಕಳು.

ಮುಂಬಯಿ ಕನ್ನಡಿಗರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಊರು ಬಿಟ್ಟು ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಇಲ್ಲಿನ ಕೋಟೆ, ಅಂದರೆ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಎಂಥ ದೊಡ್ಡ ಕೆಲಸ ಮಾಡಿದವು ಆ ಶಾಲೆಗಳು! ಆದರೆ ಅದೇ ಮನೆಯ ಅಕ್ಕ, ತಂಗಿ ಊರಿನಲ್ಲೇ ಉಳಿದರು. ಬೀಡಿ ಕಟ್ಟಿದರು, ನೇಜಿ ನೆಟ್ಟರು, ತಮ್ಮಂದಿರನ್ನು ಎತ್ತಿ ಆಡಿಸಿದರು. ಮದುವೆಯಾಗಿ ಇಲ್ಲಿಗೆ ಬಂದಾಗಲೂ ಅವರ ಓದು ಎರಡನೇ ಕ್ಲಾಸಿಗೇ ನಿಂತಿತ್ತು.

ಈಗ ಅವರನ್ನು ಮಗ ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಾನೆ. ನಮ್ಮ ಪರಿಚಯದ ಅಂಥ ಒಬ್ಬ ಅಮ್ಮನ ಜೊತೆ ನಾನೂ ಹೋಗಿದ್ದೆ. ಪ್ರಶ್ನೆಗಳು ಹಿಂದಿಯಲ್ಲಿ. ಇದು ಯಾವ ತಿಂಗಳು ಎಂದು ಕೇಳಿದರು. ಅವರು ‘ಆಟಿ’ ಎಂದರು. ಅದು ತುಳುನಾಡಿನ ಮಳೆಗಾಲದ ತಿಂಗಳು. ಹೊರಗೆ ಜುಲೈ ಕೊನೆಯ ಮಳೆ ಹೊಯ್ಯುತ್ತಿತ್ತು, ಉತ್ತರ ಸರಿಯಾಗಿಯೇ ಇತ್ತು. ಬರೆದುಕೊಳ್ಳುವವರು ತಪ್ಪು ಎಂದು ಗುರುತು ಹಾಕಿದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದಾಗ ಅವರು ಸುಮ್ನೆ ಸೆರಗು ಸರಿಮಾಡಿಕೊಂಡು ಮಗನ ಮುಖ ನೋಡಿದರು. ನನಗೆ ತುಂಬಾ ಸಂಕಟವಾಯಿತು. ಮೂವತ್ತು ಮನೆಗೆ ಹಪ್ಪಳ ಕೊಟ್ಟು, ಯಾರ ಬಾಕಿ ಎಷ್ಟು ಎಂದು ಬಾಯಲ್ಲೇ ಲೆಕ್ಕ ಇಟ್ಟವರು ಅವರು.

ಶಾಲೆಗೆ ಹೋಗದವರನ್ನು ಹೀಗೆ ಅಳೆಯಬಾರದು ಎಂದು ತಿಳಿದವರು ಇದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳ ಹಿರಿಯರಿಗಾಗಿ 1990ರ ದಶಕದಲ್ಲೇ ಹಿಂದಿಯಲ್ಲಿ ಬೇರೆ ಪರೀಕ್ಷೆ ತಯಾರಾಯಿತು. ಅದರಲ್ಲಿ, ಈಗ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುತ್ತಾರೆ.

ಹಾಗಂತ ಮರೆವನ್ನು ಕಡೆಗಣಿಸಬೇಡಿ. ಅಮ್ಮ ಗ್ಯಾಸ್ ಆರಿಸಲು ಪದೇ ಪದೇ ಮರೆತರೆ, ದಿನಾ ಹೋಗುವ ದಾರಿ ತಪ್ಪಿದರೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ, ಡಾಕ್ಟರರ ಹತ್ತಿರ ಹೋಗಿ. ಹೋದಾಗ ಅವರು ಎಷ್ಟು ಕ್ಲಾಸು ಓದಿದ್ದಾರೆ ಎಂದು ಮೊದಲೇ ಹೇಳಿ. ಕನ್ನಡವೋ ತುಳುವೋ ಕೊಂಕಣಿಯೋ, ಅವರ ಮನೆಮಾತಿನಲ್ಲಿ ಪ್ರಶ್ನೆ ಕೇಳಿಸಿ. ಮೊದಲು ಏನೇನು ಮಾಡುತ್ತಿದ್ದರು, ಈಗ ಯಾವುದು ತಪ್ಪುತ್ತಿದೆ ಎಂದು ಬರೆದುಕೊಂಡು ಹೋಗಿ. ಹಪ್ಪಳದ ಲೆಕ್ಕವನ್ನೂ ಬರೆಯಿರಿ.

ನಮಸ್ಕಾರ.