ರೀಫಂಡ್ ಮೆಸೇಜು ಮತ್ತು ನಮ್ಮ ಫೋನು

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ. ಈ ಆಟಿ ತಿಂಗಳ ಮಳೆಯಲ್ಲೂ ಪೆರ್ಲ, ನೀರ್ಚಾಲು, ಮುಳ್ಳೇರಿಯದಿಂದ ಬದಿಯಡ್ಕದವರೆಗೆ ಬಂದಿದ್ದೀರಿ, ಸಂತೋಷ.

ಜುಲೈ 31 ಹತ್ತಿರ ಬಂತು. ಸಂಬಳ, ಪಿಂಚಣಿಯವರಿಗೆ ಸಾಮಾನ್ಯವಾಗಿ ಆದಾಯ ತೆರಿಗೆಯ ರಿಟರ್ನ್ ಹಾಕಲು ಅದೇ ಕೊನೆಯ ದಿನ. ಈ ತಾರೀಕು ಕಳ್ಳರಿಗೂ ಗೊತ್ತು. 2023ರಲ್ಲಿ ಒಂದು ಮೆಸೇಜ್ ಓಡಾಡಿತು: ನಿಮಗೆ 15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಖಾತೆ ನಂಬರ್ ಸರಿಯಿಲ್ಲದಿದ್ದರೆ ಈ ಲಿಂಕ್ ಒತ್ತಿ ತಿದ್ದಿ. ಅದು ಸುಳ್ಳು ಅಂತ ಕೇಂದ್ರ ಸರಕಾರದ ಸುದ್ದಿ ಸಂಸ್ಥೆ ಪಿಐಬಿಯೇ ಹೇಳಬೇಕಾಯಿತು. ಹದಿನೈದು ಸಾವಿರ ಅಂದಿದ್ದರೆ ಸಂಶಯ ಬರುತ್ತಿತ್ತು. ಆ ನಾನೂರ ತೊಂಬತ್ತು ಇದೆಯಲ್ಲ, ಅದೇ ನಂಬಿಸುವುದು.

ರೀಫಂಡ್ ಅಂದರೆ ನೀವು ಹೆಚ್ಚು ಕಟ್ಟಿದ ತೆರಿಗೆ ಅಥವಾ ಬ್ಯಾಂಕಿನವರು ಎಫ್‌ಡಿ ಬಡ್ಡಿಯಲ್ಲಿ ಮೊದಲೇ ಹಿಡಿದ ತೆರಿಗೆ, ಅಂದರೆ ಟಿಡಿಎಸ್, ವಾಪಸ್ ಬರುವುದು. ಏನೂ ಕಟ್ಟದವರಿಗೆ ಬರುವುದಾದರೂ ಎಲ್ಲಿಂದ? ಬರುವುದಿದ್ದರೂ ನೀವೇ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ, ಅಂದರೆ ಪೋರ್ಟಲ್‌ನಲ್ಲಿ, ದೃಢಪಡಿಸಿದ ಬ್ಯಾಂಕ್ ಖಾತೆಗೆ ನೇರ ಬೀಳುತ್ತದೆ. ಅದಕ್ಕೆ ಫೋನಿನಲ್ಲಿ ಯಾರಿಗೂ ಪಿನ್ ಹೇಳಬೇಕಾಗಿಲ್ಲ, ವಾಟ್ಸಾಪಿನಲ್ಲಿ ಬಂದ ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕಷ್ಟ ಬೇರೆಯೇ ಇದೆ. ಮೆಸೇಜ್ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ಮಲಯಾಳದಲ್ಲಿ. ನಮಗೆ ಓದಲು ಬರುವುದು ಕನ್ನಡ. "ಇದೆಂತದು ನೋಡು ಮಾರಾಯ" ಅಂತ ಫೋನನ್ನೇ ಇನ್ನೊಬ್ಬರ ಕೈಗೆ ಕೊಡುತ್ತೇವೆ. ಓಟಿಪಿ ಬಂದರೂ ಅವರೇ ಓದುತ್ತಾರೆ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಚೆನ್ನಾಗಿ ಕೆಲಸ ಮಾಡಿಕೊಡುವ ಮಕ್ಕಳಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ರಿಟರ್ನ್ ಹಾಕಿಕೊಡುವವರಲ್ಲಿ ಕೆಲವರು ಸುಲಭವಾಗಲಿ ಅಂತ ಪೋರ್ಟಲ್‌ನ ನಿಮ್ಮ ಖಾತೆಗೆ ತಮ್ಮದೇ ಮೊಬೈಲ್ ನಂಬರ್, ಇಮೇಲ್ ಹಾಕಿಬಿಡುತ್ತಾರೆ. ಆಮೇಲೆ ನೋಟಿಸ್ ಬಂದರೂ ಅವರಿಗೇ, ಪಾಸ್‌ವರ್ಡ್ ಬದಲಿಸುವ ಓಟಿಪಿಯೂ ಅವರಿಗೇ. ಮುಂದಿನ ಸಲ ಹೋದಾಗ ಒಂದೇ ಕೆಲಸ ಮಾಡಿ. ಲಾಗಿನ್ ಆದಮೇಲೆ 'ಮೈ ಪ್ರೊಫೈಲ್' ತೆರೆಸಿ, ಅಲ್ಲಿರುವುದು ಯಾರ ನಂಬರ್ ಅಂತ ನಿಮ್ಮ ಕಣ್ಣಿಂದ ನೋಡಿ. ಅಂಕೆ ಓದಲು ಯಾವ ಭಾಷೆಯೂ ಬೇಡ ಅಲ್ವಾ.

"ಜಾಸ್ತಿ ರೀಫಂಡ್ ತೆಗೆಸಿಕೊಡ್ತೇನೆ, ನನಗೆ ಕಮಿಷನ್ ಕೊಡಿ" ಅನ್ನುವವರೂ ಇದ್ದಾರೆ. ನೀವು ಕೊಡದ ದೇಣಿಗೆ, ಇಲ್ಲದ ಮನೆಬಾಡಿಗೆ ಎಲ್ಲ ತೋರಿಸುತ್ತಾರೆ. ಸಿಕ್ಕಿಬಿದ್ದಾಗ ತಪ್ಪಿಸಿದ ತೆರಿಗೆಯ ಮೇಲೆ ಶೇ. 200ರಷ್ಟು ದಂಡ ಬೀಳಬಹುದು, ಅದು ನಿಮ್ಮ ಹೆಸರಿಗೆ. ಅವನು ಕಮಿಷನ್ ಹಿಡಿದು ಹೋಗಿರುತ್ತಾನೆ.

ಅಡಿಕೆ ಕೃಷಿಕರು "ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ನಮಗೆಂತ" ಅನ್ನುತ್ತೀರಿ. ಪಾನ್ ಕಾರ್ಡ್ ಇದೆಯಲ್ಲ! ಜೆರಾಕ್ಸ್ ಅಂಗಡಿಯಲ್ಲಿ ಉಳಿದ ಪ್ರತಿಯಿಂದ ನಿಮ್ಮ ಹೆಸರಲ್ಲಿ ಯಾರೋ ಸಾಲ ಎತ್ತಬಹುದು. ಅದು ನಿಮಗೆ ಗೊತ್ತಾಗುವುದೂ ತಡ. ಪೋರ್ಟಲ್‌ನಲ್ಲಿ ಎಐಎಸ್ ಅಂತ ಒಂದು ಪಟ್ಟಿ ಇದೆ. ನಿಮ್ಮ ಪಾನಿಗೆ ಸೇರಿದ ಬಡ್ಡಿ, ದೊಡ್ಡ ವ್ಯವಹಾರಗಳೆಲ್ಲ ಅಲ್ಲಿ ಕಾಣುತ್ತವೆ. ಸಾಲದ ವಿಷಯಕ್ಕೆ ಸಿಬಿಲ್ ವರದಿ, ಅಂದರೆ ನಿಮ್ಮ ಹೆಸರಿನ ಸಾಲಗಳ ಪಟ್ಟಿ, ವರ್ಷಕ್ಕೊಮ್ಮೆ ಪುಕ್ಕಟೆ. ಆಧಾರ್ ಕೊಡಬೇಕಾದಲ್ಲಿ ಕೊನೆಯ ನಾಲ್ಕಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾದರೆ ಅದನ್ನೇ ಕೊಡಿ.

ನೋಟಿಸ್ ಬಂತೆಂದು ಹೆದರಬೇಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಕಾಗದದಲ್ಲಿ ಡಿನ್ ಎಂಬ ಗುರುತಿನ ನಂಬರ್ ಇರುತ್ತದೆ. ಇಲಾಖೆಯ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಅದು ಅಸಲಿಯೋ ನಕಲಿಯೋ ನೋಡಬಹುದು.

ದುಡ್ಡು ಹೋಗಿಯೇಬಿಟ್ಟರೆ ಮಾನಕ್ಕೆ ಅಂಜಿ ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳನ ಖಾತೆಯಿಂದ ಮುಂದೆ ದಾಟುವ ಮೊದಲು ತಡೆಯಲು ಆಗುವುದುಂಟು. ಮಲಯಾಳ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಫೋನ್ ನಿಮ್ಮ ಕೈಯಲ್ಲೇ ಇರಲಿ.

ಇನ್ನು ಪ್ರಶ್ನೆ ಕೇಳಿ. ನೋಟಿಸ್ ತಂದವರಿದ್ದರೆ ಮುಂದೆ ಬನ್ನಿ, ನೋಡುವ. ಓಟಿಪಿ ಮಾತ್ರ ನನಗೂ ಹೇಳಬೇಡಿ.