ಹಂಚಿಕೊಂಡ ಚಾನೆಲಿನಲ್ಲಿ ಡಿಜಿಟಲ್ ಮಾತು

ಕೇಳುಗರೇ, ನಮಸ್ಕಾರ. ಎರಡು ವಾಕಿಟಾಕಿಗಳು ಒಂದೇ ಚಾನೆಲಿನಲ್ಲಿವೆ ಅಂದುಕೊಳ್ಳಿ. ಒಂದರಲ್ಲಿ ಮಾತಾಡಿದರೆ ಇನ್ನೊಂದರಲ್ಲಿ ಬರೀ ಗರಗರ ಸದ್ದು. ಸೆಟ್ಟು ಕೆಟ್ಟಿಲ್ಲ. ಒಂದು ಡಿಜಿಟಲ್ಲು, ಇನ್ನೊಂದು ಅನಲಾಗು, ಅಷ್ಟೇ.

ಯುರೋಪಿನಲ್ಲಿ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಬಳಸುವ ಪಿಎಂಆರ್ 446 ಎಂಬ ವಾಕಿಟಾಕಿ ತರಂಗಪಟ್ಟಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿದೆ. ಶಕ್ತಿಯ ಮಿತಿ ಅರ್ಧ ವ್ಯಾಟ್, ಆಂಟೆನಾ ಬಿಚ್ಚುವಂತಿರಬಾರದು. ಮೊದಲು ಕೆಳಗಿನ ಅರ್ಧ ಅನಲಾಗಿಗೆ, ಮೇಲಿನದು ಡಿಜಿಟಲ್ಲಿಗೆ ಮೀಸಲಿತ್ತು. 2015ರ ಯುರೋಪಿಯನ್ ತೀರ್ಮಾನದ ನಂತರ ಆ ಗಡಿ ಅಳಿಸಿತು, ಇಬ್ಬರೂ ಒಂದೇ ಜಗುಲಿಗೆ ಬಂದರು. ನಮ್ಮಲ್ಲೂ 2018ರ ನಿಯಮಗಳಡಿ ಇದೇ ಪಟ್ಟಿಗೆ ಲೈಸೆನ್ಸ್ ವಿನಾಯಿತಿ ಇದೆ, ಆದರೆ ಸೆಟ್ಟಿಗೆ ಇಟಿಎ, ಅಂದರೆ ಆ ಮಾದರಿಯ ಉಪಕರಣಕ್ಕೆ ಸರ್ಕಾರದ ಅನುಮೋದನೆ, ಇರಲೇಬೇಕು. ಅಮೆರಿಕದ ಜಿಎಂಆರ್‌ಎಸ್ ಎಂಬ ವಾಕಿಟಾಕಿ ಸೇವೆಯಲ್ಲಿ ಚಿಕ್ಕ ಪಠ್ಯ ಸಂದೇಶ, ಸ್ಥಳ ಮಾಹಿತಿ ಕಳಿಸಬಹುದು. ಡಿಜಿಟಲ್ ಧ್ವನಿಗೆ ಅವಕಾಶವಿಲ್ಲ.

ಜಗಳ ಹುಟ್ಟುವುದು ಹೀಗೆ. ಅನಲಾಗ್ ಸೆಟ್ಟಿನಲ್ಲಿ ಸಿಟಿಸಿಎಸ್‌ಎಸ್ ಟೋನ್, ಅಂದರೆ ಅದೇ ಗುರುತಿನ ಸದ್ದು ಬೆರೆತ ಮಾತಿಗಷ್ಟೇ ಸ್ಪೀಕರ್ ತೆರೆಯುವ ಏರ್ಪಾಡು, ಹಾಕಿದ್ದರೆ ಡಿಜಿಟಲ್ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ. ಚಾನೆಲ್ ಖಾಲಿ ಎಂದುಕೊಂಡು ಗುಂಡಿ ಒತ್ತುತ್ತಾರೆ. ಇತ್ತ ಡಿಜಿಟಲ್ ಬಳಸುವವರಿಗೂ ಅನಲಾಗ್ ಮಾತು ಕೇಳದು. ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ತಪ್ಪು ಯಾರದೆಂದು ಇಬ್ಬರಿಗೂ ಗೊತ್ತಾಗದು. ಇದನ್ನು ತಪ್ಪಿಸಲು ಡಿಎಂಆರ್ ಎಂಬ ಡಿಜಿಟಲ್ ಪದ್ಧತಿಯ ಸೆಟ್ಟಿನ ಪ್ರೋಗ್ರಾಮಿಂಗ್‌ನಲ್ಲಿ 'ಅಡ್ಮಿಟ್ ಕ್ರೈಟೀರಿಯಾ', ಅಂದರೆ ಯಾವಾಗ ಮಾತು ಕಳಿಸಬಹುದೆಂಬ ಆಯ್ಕೆ, ಹುಡುಕಿ. ಅಲ್ಲಿ 'ಆಲ್ವೇಸ್' ಎಂದಿದ್ದರೆ 'ಚಾನೆಲ್ ಫ್ರೀ' ಮಾಡಿ. ಕಲರ್ ಕೋಡ್ ಅಂದರೆ ಡಿಜಿಟಲ್ ಸೆಟ್ಟಿಗೆ ಹಾಕುವ ಗುರುತಿನ ಸಂಖ್ಯೆ, 'ಕಲರ್ ಕೋಡ್ ಫ್ರೀ' ಸಾಲದು. ಅದು ತನ್ನ ಕೋಡಿನವರಿಗೆ ಮಾತ್ರ ದಾರಿ ಬಿಡುತ್ತದೆ, ಉಳಿದವರ ಮೇಲೆ ಹತ್ತಿಕೊಂಡೇ ಹೋಗುತ್ತದೆ. ಜೊತೆಗೆ ಒಂದು ಅನಲಾಗ್ ಚಾನೆಲನ್ನು, ಟೋನ್ ಇಲ್ಲದೆ, ಬರೀ ಕೇಳುವುದಕ್ಕೇ ಇಟ್ಟುಕೊಳ್ಳಿ. ಮಾತು ಶುರುಮಾಡುವ ಮುನ್ನ ಅದಕ್ಕೆ ತಿರುಗಿಸಿ ಅರ್ಧ ನಿಮಿಷ ಆಲಿಸಿ.

ಎರಡೂ ಡಿಜಿಟಲ್ ಸೆಟ್ಟುಗಳೇ ಆದರೂ ಮಾತು ಬಾರದಿದ್ದರೆ? ಮೊದಲು ಎರಡೂ ಒಂದೇ ಪದ್ಧತಿಯವೇ ನೋಡಿ, 12.5 ಕಿಲೋಹರ್ಟ್ಸ್‌ನ ಡಿಎಂಆರ್ ಮತ್ತು 6.25 ಕಿಲೋಹರ್ಟ್ಸ್‌ನ ಡಿಪಿಎಂಆರ್ ಪರಸ್ಪರ ಅರ್ಥವಾಗದ ಭಾಷೆಗಳು. ಡಿಎಂಆರ್‌ನಲ್ಲಿ ಕಲರ್ ಕೋಡ್ 0ಯಿಂದ 15ರವರೆಗೆ ಇರುತ್ತದೆ. ಎರಡರಲ್ಲೂ ಒಂದೇ ಇರಬೇಕು. ಹಸಿರು ದೀಪ ಹೊತ್ತಿದರೂ ಸ್ಪೀಕರ್ ಮೌನವಾಗಿದ್ದರೆ, ಆ ಟಾಕ್‌ಗ್ರೂಪ್, ಅಂದರೆ ಮಾತಾಡುವ ಬಳಗದ ಸಂಖ್ಯೆ, ನಿಮ್ಮ ಸೆಟ್ಟು ಕೇಳಬೇಕಾದ ಬಳಗಗಳ 'ಆರ್‌ಎಕ್ಸ್ ಗ್ರೂಪ್ ಲಿಸ್ಟ್'ನಲ್ಲಿಲ್ಲ ಎನ್ನುವ ಗುಮಾನಿ ಮೊದಲು ಬರಲಿ. ಅಂದಹಾಗೆ, ಕಲರ್ ಕೋಡಾಗಲಿ ಟೋನಾಗಲಿ ಬೀಗವಲ್ಲ. ಅಂಥದ್ದೇ ಸೆಟ್ಟಿರುವ ಯಾರಾದರೂ ನಿಮ್ಮ ಮಾತು ಕೇಳಬಹುದು.

ಡಿಎಂಆರ್‌ನಲ್ಲಿ ಸೆಕೆಂಡಿಗೆ 2450 ಬಿಟ್ ಮಾತಿಗೆ, 1150 ಬಿಟ್ ತಪ್ಪು ತಿದ್ದಲು. ಅದಕ್ಕೇ ಸಂಕೇತ ಸ್ವಲ್ಪ ಸೊರಗಿದರೂ ದನಿ ಸ್ವಚ್ಛ. ತಿದ್ದುವ ಶಕ್ತಿ ಮೀರಿದ ಕೂಡಲೇ ಯಂತ್ರದಂಥ ತೊದಲು, ಆಮೇಲೆ ಏನೂ ಇಲ್ಲ. ಅನಲಾಗಿನಲ್ಲಾದರೆ ಸುಯ್ಯೆನ್ನುವ ಸದ್ದಿನ ನಡುವೆಯೂ ನಮ್ಮ ಕಿವಿ ಮಾತು ಹೆಕ್ಕುತ್ತದೆ. ಗುಡ್ಡ ದಾಟಿಸುವ ಮಾಯೆ ಡಿಜಿಟಲ್ಲಿಗಿಲ್ಲ. 446ರ ತರಂಗದ ಉದ್ದ ಸುಮಾರು 67 ಸೆಂಟಿಮೀಟರ್, ಗುಡ್ಡ ಅಡ್ಡ ಬಂದರೆ ಎರಡಕ್ಕೂ ಒಂದೇ ಗತಿ.

ಮಾತಾಡುವ ರೀತಿಯೂ ಬೇರೆ. ಗುಂಡಿ ಒತ್ತಿ ಅರ್ಧ ಸೆಕೆಂಡ್ ತಾಳಿ, ಇಲ್ಲವಾದರೆ 'ಬೇಡ' ಎಂಬುದು 'ಡ' ಆದೀತು. ಮಾತನ್ನು ಕಿರಿದುಮಾಡಿ ಬಿಟ್‌ಗಳಾಗಿಸುವ ಧ್ವನಿ ಸಂಕೋಚಕ ಮನುಷ್ಯರ ದನಿಗೆಂದೇ ಮಾಡಿದ್ದು. ಪಕ್ಕದಲ್ಲಿ ಮೋಟರ್ ಅಬ್ಬರಿಸುತ್ತಿದ್ದರೆ ಅದು ತಬ್ಬಿಬ್ಬಾಗುತ್ತದೆ, ಕೂಗಿದರೆ ಇನ್ನೂ ಕೆಡುತ್ತದೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ, ಐದಾರು ಸೆಂಟಿಮೀಟರ್ ದೂರದಲ್ಲಿ ಓರೆಯಾಗಿ ಹಿಡಿದು, ಗಾಳಿಗೆ ಬೆನ್ನು ಮಾಡಿ ನಿಂತು, ಮನೆಯಲ್ಲಿ ಆಡುವಷ್ಟೇ ದನಿಯಲ್ಲಿ ಆಡಿ.