ಚಿಪ್ಸ್ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ

ಈ ವಿಡಿಯೊಗೆ ಮೇಜಿನ ಮೇಲೆ ಚಿಪ್ಸ್ ಪ್ಯಾಕೆಟ್, ಆಲೂಗಡ್ಡೆ, ಬಾದಾಮಿ, ಮೊಸರು, ಹಣ್ಣು ಎಲ್ಲ ಇಟ್ಟಿದ್ದೇನೆ. ಇವತ್ತಿನ ಮಾತು ತೂಕದ್ದು. ತಿಂಗಳಲ್ಲಿ ಇಳಿಸುವ ತೂಕ ಅಲ್ಲ, ವರ್ಷಗಟ್ಟಲೆ ಗೊತ್ತೇ ಆಗದ ಹಾಗೆ ಏರುತ್ತದಲ್ಲ, ಅದು. 2011ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇದರ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಅಮೆರಿಕದ 1,20,877 ಜನ, ಹೆಚ್ಚಿನವರು ನರ್ಸ್‌ಗಳು, ಶುರುವಿನಲ್ಲಿ ಯಾರಿಗೂ ಬೊಜ್ಜು ಇರಲಿಲ್ಲ. ನಾಲ್ಕು ವರ್ಷಕ್ಕೆ ಸರಾಸರಿ ಒಂದೂವರೆ ಕೆ.ಜಿ. ಏರಿದ್ದರು. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಹೀಗೇ 20 ವರ್ಷ ಹೋದರೆ ಸುಮಾರು ಏಳೂವರೆ ಕೆ.ಜಿ. ಆಗುತ್ತದೆ.

ತೂಕ ಏರಿಕೆಯ ಜೊತೆ ಕಂಡ ತಿನಿಸುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದು ಚಿಪ್ಸ್. ದಿನಕ್ಕೆ ಒಂದು ಸರ್ವಿಂಗ್, ಅಂದರೆ ಒಂದು ಸಲಕ್ಕೆ ತಿನ್ನುವ ಅಳತೆ, ಜಾಸ್ತಿ ಮಾಡಿದವರಿಗೆ ನಾಲ್ಕು ವರ್ಷದಲ್ಲಿ ಮುಕ್ಕಾಲು ಕೆ.ಜಿ. ಹೆಚ್ಚು.

ಇಲ್ಲಿ ನೋಡಿ, ಕ್ಯಾಮೆರಾ ಹತ್ತಿರ ತರುತ್ತೇನೆ. ಸರ್ವಿಂಗ್ ಎಷ್ಟು ಅಂತ ಓದಲು ಆಗುತ್ತಾ? ಪ್ಯಾಕೆಟ್ ಅಂಟಿಸಿದ ಮಡಿಕೆಯ ಪಕ್ಕದಲ್ಲಿ, ಹೊಳೆಯುವ ಹಾಳೆಯ ಮೇಲೆ, ಇರುವೆ ಸಾಲಿನಂಥ ಅಕ್ಷರ. ನಾನು ಮೊಬೈಲ್ ಟಾರ್ಚ್ ಹಾಕಿ ಓದಿದೆ, 28 ಗ್ರಾಂ. ಒಂದು ಹಿಡಿ! ಕ್ಯಾಲೊರಿ ಲೆಕ್ಕ ಆ ಹಿಡಿಗೆ ಮಾತ್ರ, ಇಡೀ ಪ್ಯಾಕೆಟ್‌ಗೆ ಎಷ್ಟು ಅಂತ ನಾವೇ ಗುಣಿಸಬೇಕು. ಒಂದು ಹಿಡಿ ತಿಂದು ಪ್ಯಾಕೆಟ್ ಬಾಯಿ ಕಟ್ಟಿ ಎತ್ತಿಡುವವರು ಯಾರಿದ್ದಾರೆ? ಪೂರ್ತಿ ಪ್ಯಾಕೆಟ್ ಲೆಕ್ಕವನ್ನೇ ಮುಂದುಗಡೆ ದೊಡ್ಡದಾಗಿ ಬರೆಯಬೇಕು, ನನಗೆ ಇದು ನಿಜಕ್ಕೂ ಸಿಟ್ಟು ತರಿಸುತ್ತದೆ.

ಆಲೂಗಡ್ಡೆಯನ್ನೂ ಬಿಟ್ಟುಬಿಡಿ, ಅದೂ ಪಟ್ಟಿಯಲ್ಲಿ ಮೇಲೇ ಇದೆ. ಅಲ್ಲ, ಪೂರ್ತಿ ಬಿಡುವುದು ಬೇಡ, ದಿನಾ ಬೇಡ ಅಷ್ಟೇ. ಯಾಕೆಂದರೆ ಇದು ಜನ ತಿಂದದ್ದನ್ನೂ ತೂಕವನ್ನೂ ಗಮನಿಸಿದ ಅಧ್ಯಯನ, ತಿನ್ನಿಸಿ ಪರೀಕ್ಷೆ ಮಾಡಿದ್ದಲ್ಲ, ಹಾಗಾಗಿ ಅದೇ ಕಾರಣ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ.

ಬೀಜಗಳ ವಿಷಯ ನನಗೆ ತುಂಬಾ ಇಷ್ಟ. ಬಾದಾಮಿ, ವಾಲ್‌ನಟ್ ಎಲ್ಲದರಲ್ಲೂ ಎಣ್ಣೆ ಜಾಸ್ತಿ, ಕ್ಯಾಲೊರಿ ಜಾಸ್ತಿ, ಆದರೂ ಅದನ್ನು ಹೆಚ್ಚು ತಿಂದವರ ತೂಕ ಕಡಿಮೆ ಏರಿತ್ತು. ಮೊಸರು ಹೆಚ್ಚು ತಿಂದವರದ್ದಂತೂ ಇನ್ನೂ ಕಡಿಮೆ. ಬರೀ ಕ್ಯಾಲೊರಿ ಎಣಿಸಿ ಅನ್ನುವವರು ಇದನ್ನು ನೋಡಬೇಕು. ಹಾಂ, ನಿದ್ದೆಯೂ ಇತ್ತು, ಆರು ಗಂಟೆಗಿಂತ ಕಡಿಮೆ ಮಲಗುವವರ ತೂಕ ಹೆಚ್ಚು ಏರಿತ್ತು, ಟಿವಿ ಮುಂದೆ ಜಾಸ್ತಿ ಕೂರುವವರದ್ದೂ ಅಷ್ಟೇ, ಅದನ್ನೇ ಹಿಡಿದರೆ ಇನ್ನೊಂದು ವಿಡಿಯೊ ಆಗುತ್ತದೆ.

ಕೊನೆಗೆ ಹಣ್ಣು. ಹಣ್ಣು ಜಾಸ್ತಿ ತಿಂದವರ ತೂಕ ಕಡಿಮೆ ಏರಿತ್ತು, ಜ್ಯೂಸ್ ಜಾಸ್ತಿ ಕುಡಿದವರದ್ದು ಹೆಚ್ಚು. ಸಕ್ಕರೆ ಹಾಕದ ಜ್ಯೂಸ್ ಕೂಡ! ಅದಕ್ಕೇ ಮಿಕ್ಸಿ ಪಕ್ಕಕ್ಕಿಟ್ಟು ಚಾಕು ತಗೊಂಡಿದ್ದೇನೆ.